ಆರನೆಯ ಸೇತುವೆಯ ಈಚೆ ದಡ

ನಮ್ಮ ಊರಿನಲ್ಲಿ ಮದುವೆಯಾಗಬೇಕಾದರೆ ಮೊದಲು ಆಟ ಮುಗಿಸಬೇಕು. ಜಾತಕ ಕೂಡದಿದ್ದರೆ ಶಾಂತಿ ಮಾಡಿಸಬಹುದು, ಹುಡುಗನ ಸೋದರಮಾವ ಮುನಿಸಿಕೊಂಡರೆ ಕಾಲಿಗೆ ಬಿದ್ದು ಕರೆತರಬಹುದು, ಆದರೆ ಆಟ ಮುಗಿಸಿದ ಪತ್ರವಿಲ್ಲದೆ ಛತ್ರದವರು ಬೀಗ ತೆಗೆಯುವುದಿಲ್ಲ, ಪುರೋಹಿತರು ಮನೆಯಿಂದ ಹೊರಡುವುದಿಲ್ಲ. ನಿಶ್ಚಿತಾರ್ಥವಾದ ಜೋಡಿ ಪುರಸಭೆಯ ಹಿಂದಿರುವ ಆಟದ ಮನೆಗೆ ಹೋಗಿ, ಒಂದು ಪರದೆಯ ಮುಂದೆ ಎರಡು ಕುರ್ಚಿ ಹಾಕಿಕೊಂಡು, ಇಬ್ಬರೂ ಸೇರಿ ಕೊನೆಯವರೆಗೆ ಆಡಬೇಕು. ನಮ್ಮ ಅಜ್ಜಿಯ ಕಾಲದ ಆಟದಲ್ಲಿ ಇದ್ದದ್ದು ಎರಡು ಕೋಲು, ಒಂದು ಚುಕ್ಕೆ. ಚುಕ್ಕೆ ಬೀಳದಂತೆ ನೂರು ಸಲ ಆಚೀಚೆ ಹೊಡೆದರೆ ಮುಗಿಯಿತು. ಅಜ್ಜ ಅಜ್ಜಿ ಬೆಳಗಿನ ಉಪ್ಪಿಟ್ಟು ತಿಂದು ಹೋದವರು ಊಟದ ಹೊತ್ತಿಗೆ ಪತ್ರ ಹಿಡಿದು ಬಂದಿದ್ದರಂತೆ. ಅಪ್ಪ ಅಮ್ಮನ ಪಾಲಿಗೆ ಬಂದದ್ದು ಹಾವು ಹಣ್ಣು ತಿಂದು ಉದ್ದವಾಗುವ ಆಟ. ಹನ್ನೊಂದು ದಿನ ಹಿಡಿಯಿತು. ಅಪ್ಪ ಹಾವನ್ನು ಒಯ್ದು ಗೋಡೆಗೆ ಗುದ್ದಿಸಿದ ಕಥೆಯನ್ನು ಅಮ್ಮ ಇವತ್ತಿಗೂ ನೆಂಟರ ಮುಂದೆ ಹೇಳುತ್ತಾಳೆ. ಹದಿನೈದು ಇಪ್ಪತ್ತು ವರ್ಷಕ್ಕೊಮ್ಮೆ ಹೊಸ ಆಟ ಬರುತ್ತದೆ. ಎಲ್ಲೋ ದೂರದ ಕಂಪನಿಯವರು ಮಾಡಿ ಕಳುಹಿಸುತ್ತಾರೆ. ಅವರನ್ನು ನಮ್ಮೂರಿನಲ್ಲಿ ಯಾರೂ ಕಣ್ಣಾರೆ ನೋಡಿಲ್ಲ.

ನಮ್ಮ ತಲೆಮಾರಿಗೆ ಬಂದದ್ದು ‘ಏಳು ಸೇತುವೆ’. ಆಟಕ್ಕಿಂತ ಮೂರು ವರ್ಷ ಮೊದಲೇ ಅದರ ಚಿತ್ರಗಳು ಬಂದವು. ಕುದುರೆಯ ಕುತ್ತಿಗೆಯ ಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು, ನದಿಯ ನೀರಿನಲ್ಲಿ ಮೋಡ ಕಾಣುತ್ತಿತ್ತು. ಯಾವ ಮನೆಯೊಳಗೆ ಬೇಕಾದರೂ ಹೋಗಬಹುದು, ಯಾರ ಜತೆ ಬೇಕಾದರೂ ಮಾತಾಡಬಹುದು, ನೆಟ್ಟ ಗಿಡ ನಿಜವಾಗಿ ಬೆಳೆಯುತ್ತದೆ ಎಂದೆಲ್ಲ ಕೆಳಗೆ ಬರೆದಿತ್ತು. ನನಗಿಂತ ಸ್ವಲ್ಪ ದೊಡ್ಡವರು ಸುಮ್ಮನೆ ಹಳೆಯ ಆಟವನ್ನೇ ಆಡಿ ಮದುವೆಯಾಗಿಬಿಟ್ಟರು. ನಾವು ಬುದ್ಧಿವಂತರು, ಕಾದೆವು. ಈಗ ಹಳೆಯ ಆಟದಲ್ಲಿ ಮದುವೆಯಾಗುವುದೆಂದರೆ ತಂಗಳು ಉಂಡ ಹಾಗೆ ಎಂದು ನಾನೇ ಗೆಳತಿಯರ ಮುಂದೆ ಮೂಗು ಮುರಿದಿದ್ದೆ. ಬಿಡುಗಡೆಯ ದಿನವನ್ನು ಕಂಪನಿಯವರು ಮೂರು ಸಲ ಮುಂದೆ ಹಾಕಿದರು. ಮೂರು ಸಲವೂ ‘ಇನ್ನಷ್ಟು ಚೆನ್ನಾಗಿ ಮಾಡುವ ಸಲುವಾಗಿ’ ಎಂದೇ ಬರೆದರು. ನಾವು ಆ ಮಾತಿಗೆ ಖುಷಿಪಟ್ಟದ್ದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ನನ್ನ ಹೆಸರು ಕಾತ್ಯಾಯಿನಿ. ಪೇಟೆಬೀದಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ನನಗೆ ಗೊತ್ತಾದ ಹುಡುಗ ಚಿದಂಬರ. ಎದುರು ಸಾಲಿನಲ್ಲಿ ಅವನ ಕನ್ನಡಕದ ಅಂಗಡಿ. ಅಂಗಡಿಗೆ ಬಂದವರಿಗೆ ಕನ್ನಡಕ ಬೇಕಿಲ್ಲದಿದ್ದರೆ ಬೇಕಿಲ್ಲ ಎಂದೇ ಹೇಳಿ ಕಳಿಸುವಂಥವನು. ಬೀದಿ ಖಾಲಿ ಇದ್ದರೂ ಎಡಗಡೆಯೇ ನಡೆಯುವವನು. ಇಂಥವನ ಜತೆ ಏಗುವುದು ಕಷ್ಟವೇ ಎಂದು ನನಗೆ ಮೊದಲ ದಿನವೇ ಅನ್ನಿಸಿತ್ತು, ಇಂಥವನೇ ಬೇಕು ಎಂದೂ ಅದೇ ದಿನ ಅನ್ನಿಸಿತ್ತು. ಏಳು ಸೇತುವೆ ಬಿಡುಗಡೆಯಾದ ವಾರವೇ ನಮ್ಮ ನಿಶ್ಚಿತಾರ್ಥವಾಯಿತು. ಆಗ ನನಗೆ ಇಪ್ಪತ್ತನಾಲ್ಕು.

ಬಿಡುಗಡೆಯ ದಿನ ಪುರಸಭೆಯವರು ಬ್ಯಾಂಡ್ ಬಾರಿಸಿದರು. ಆಟದ ಮನೆಯ ಮೇಲ್ವಿಚಾರಕರು ಭುಜಂಗರಾಯರು. ಪತ್ರಕ್ಕೆ ಸಹಿ ಹಾಕಿ ಮೊಹರು ಒತ್ತುವವರು ಅವರೇ. ಅವರು ರಿಬ್ಬನ್ ಕತ್ತರಿಸಿದ ಮೇಲೆ ನಲವತ್ತು ಜೋಡಿ ಒಳಗೆ ನುಗ್ಗಿ ಪರದೆಗಳ ಮುಂದೆ ಕೂತೆವು. ಮೊದಲು ಕಂಡದ್ದು ಕುದುರೆ. ಅದರ ಕಾಲುಗಳು ಮೊಣಕಾಲಿನವರೆಗೆ ನೆಲದೊಳಗೆ ಹೂತುಹೋಗಿದ್ದವು, ಆದರೂ ಅದು ಆರಾಮಾಗಿ ಓಡುತ್ತಿತ್ತು. ದೋಣಿಯವನಿಗೆ ಮುಖವಿರಲಿಲ್ಲ, ಎರಡು ಕಣ್ಣು ಮತ್ತು ಒಂದು ಸಾಲು ಹಲ್ಲು ಗಾಳಿಯಲ್ಲಿ ತೇಲುತ್ತ ನಮ್ಮನ್ನು ಪ್ರೀತಿಯಿಂದ ಸ್ವಾಗತಿಸಿದವು. ಮೀನುಗಳು ನೀರಿಗಿಂತ ಎರಡು ಅಡಿ ಮೇಲೆ ಈಜುತ್ತಿದ್ದವು. ಯಾವ ಮನೆಯೊಳಗೆ ಬೇಕಾದರೂ ಹೋಗಬಹುದಿತ್ತು, ಅದೇನೋ ನಿಜ, ಏಕೆಂದರೆ ಯಾವ ಮನೆಗೂ ಬಾಗಿಲಿರಲಿಲ್ಲ. “ಮೊದಲ ದಿನ ಅಲ್ವಾ, ಹೀಗೇ ಇರುತ್ತೆ” ಎಂದ ಚಿದಂಬರ. ನಾನೂ ಹೌದು ಎಂದೆ. ಮದುವೆಯಾಗುವ ಹುಮ್ಮಸ್ಸಿನಲ್ಲಿ ಇದ್ದವರಿಗೆ ಕುದುರೆಯ ಕಾಲು ಎಲ್ಲಿದ್ದರೇನು.

ಐದು ಸೇತುವೆಗಳನ್ನು ಎಂಟು ದಿನದಲ್ಲಿ ದಾಟಿದೆವು. ಆರನೆಯದು ಅರ್ಧವೇ ಇತ್ತು. ನದಿಯ ನಡುವಿನವರೆಗೆ ಹಲಗೆ, ಹಗ್ಗ, ದೀಪದ ಕಂಬ ಎಲ್ಲ ಚೆಂದವಾಗಿದ್ದು, ಆಮೇಲೆ ಏನೂ ಇಲ್ಲ. ಮುಂದೆ ಕಾಲಿಟ್ಟವರು ನೀರಿಗೂ ಬೀಳುತ್ತಿರಲಿಲ್ಲ. ನದಿಯನ್ನು ತೂರಿಕೊಂಡು, ನೆಲವನ್ನು ತೂರಿಕೊಂಡು, ಕೆಳಗಿನ ಬೂದು ಬಣ್ಣದ ಬಯಲಿನಲ್ಲಿ ಬೀಳುತ್ತಲೇ ಇರುತ್ತಿದ್ದರು. ತಲೆ ಎತ್ತಿದರೆ ನಮ್ಮ ಊರಿನವರ ಪಾದಗಳ ಅಡಿಭಾಗ ಕಾಣುತ್ತಿತ್ತು. ಭುಜಂಗರಾಯರು ಬಂದು ಯಂತ್ರ ಆರಿಸಿ ಮತ್ತೆ ಹಚ್ಚುವವರೆಗೆ ಆ ಬೀಳುವಿಕೆ ನಿಲ್ಲುತ್ತಿರಲಿಲ್ಲ. ಏಳನೆಯ ಸೇತುವೆ ಆಚೆ ದಡದಲ್ಲಿ, ದೂರದಲ್ಲಿ, ಯಾವ ಕುಂದೂ ಇಲ್ಲದೆ ನಿಂತಿತ್ತು.

ಹಳೆಯ ಆಟಕ್ಕೆ ಮರಳುವಂತಿರಲಿಲ್ಲ, ಹೊಸದು ಹಾಕಿದ ದಿನವೇ ಅದು ಅಳಿಸಿಹೋಗಿತ್ತು. ಪುರಸಭೆಯಿಂದ ಕಂಪನಿಗೆ ದೂರು ಹೋಯಿತು. ಉತ್ತರ ಬಂತು: ಬೇರೆ ಊರುಗಳಲ್ಲಿ ಈ ತೊಂದರೆ ಕಂಡುಬಂದಿಲ್ಲ, ಆದರೂ ತಿದ್ದುಪಡಿ ಶೀಘ್ರದಲ್ಲೇ ತಲುಪಲಿದೆ, ನಿಮ್ಮ ತಾಳ್ಮೆಗೆ ಧನ್ಯವಾದಗಳು. ಮೊದಲನೆಯ ತಿದ್ದುಪಡಿ ಹತ್ತು ತಿಂಗಳ ಮೇಲೆ ಬಂತು. ಅದರಲ್ಲಿ ಕುದುರೆಯ ಕೂದಲು ಇನ್ನಷ್ಟು ಹೊಳೆಯುವಂತಾಗಿತ್ತು. ಎರಡನೆಯದರಲ್ಲಿ ದೋಣಿಯವನಿಗೆ ಮುಖ ಬಂತು, ಅದೇ ಮುಖ ಹಸುಗಳಿಗೂ ಬಂತು. ಮೂರನೆಯದರಲ್ಲಿ ಬಣ್ಣಬಣ್ಣದ ಟೋಪಿಗಳು ಬಂದವು. ಟೋಪಿ ಬೇಕು ಎಂದು ನಮ್ಮೂರಿನಲ್ಲಿ ಯಾರೂ ಕೇಳಿರಲಿಲ್ಲ. ಪ್ರತಿ ಸಲ ತಿದ್ದುಪಡಿ ಬಂದ ಬೆಳಿಗ್ಗೆ ನಾವೆಲ್ಲ ಸ್ನಾನ ಮಾಡಿ, ಒಳ್ಳೆಯ ಬಟ್ಟೆ ಉಟ್ಟು, ಆಟದ ಮನೆಯ ಮುಂದೆ ಸಾಲು ನಿಲ್ಲುತ್ತಿದ್ದೆವು. ಮಧ್ಯಾಹ್ನಕ್ಕೆ ಮುಖ ಇಳಿಬಿಟ್ಟುಕೊಂಡು ಮನೆಗೆ ಬರುತ್ತಿದ್ದೆವು.

ಹಿರಿಯರು ಇದನ್ನು ನಮ್ಮ ತಪ್ಪೆಂದೇ ತಿಳಿದರು. “ನಮ್ಮ ಕಾಲದಲ್ಲಿ ಹಾವು ಗೋಡೆಗೆ ಗುದ್ದಿದ್ರೆ ಹಾವಿನ ತಪ್ಪು ಅಂತ ನಾವು ಹೇಳಲಿಲ್ಲಮ್ಮ, ಮತ್ತೆ ಮೊದಲಿಂದ ಆಡಿದ್ವಿ. ನಿಮಗೆ ಶ್ರದ್ಧೆ ಇಲ್ಲ” ಎಂದಳು ಅಮ್ಮ. ನಾನು ಅವಳನ್ನು ಕರೆದುಕೊಂಡು ಹೋಗಿ ಆ ಅರ್ಧ ಸೇತುವೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, “ಸ್ವಲ್ಪ ಓಡಿ ಬಂದು ಹಾರಿದ್ರೆ ಆಗಲ್ವಾ” ಎಂದಳು. ಊರು ತನ್ನ ಪಾಡಿಗೆ ತಾನು ಹೊಂದಿಕೊಂಡಿತು. ಗಂಡಿನ ಕಡೆಯವರು ಹಬ್ಬಕ್ಕೆ ಸೊಸೆಯಾಗಬೇಕಾದವಳನ್ನು ಕರೆದು ಉಡಿ ತುಂಬಿ ಕಳಿಸತೊಡಗಿದರು. ‘ಐದು ಸೇತುವೆಯ ಆರತಕ್ಷತೆ’ ಎಂಬ ಹೊಸ ಶಾಸ್ತ್ರ ಹುಟ್ಟಿತು. ಊಟ, ಉಡುಗೊರೆ, ಫೋಟೋ ಎಲ್ಲ ಉಂಟು, ತಾಳಿ ಮಾತ್ರ ಇಲ್ಲ. ನನ್ನ ಅಂಗಡಿಯಲ್ಲಿ ಮದುವೆ ಬ್ಲೌಸು ಹೊಲಿಸಿಕೊಂಡು ಹೋಗಿದ್ದ ಹುಡುಗಿಯರು ವರ್ಷಕ್ಕೊಮ್ಮೆ ಅವನ್ನು ತಂದು ಕಂಕುಳ ಕೆಳಗೆ ಹೊಲಿಗೆ ಬಿಚ್ಚಿಸಿ ಅರ್ಧ ಇಂಚು ಸಡಿಲ ಮಾಡಿಸಿಕೊಂಡು ಹೋಗುತ್ತಿದ್ದರು. ಒಳಗೆ ಮಡಿಚಿ ಬಿಟ್ಟಿದ್ದ ಬಟ್ಟೆ ಐದನೆಯ ವರ್ಷಕ್ಕೆ ಮುಗಿದುಹೋಯಿತು. ಆಮೇಲೆ ಪಕ್ಕಕ್ಕೆ ಬೇರೆ ಬಟ್ಟೆಯ ಪಟ್ಟಿ ಕೊಟ್ಟು ಹೊಲಿದೆ. ನನ್ನದಕ್ಕೂ ಕೊಟ್ಟೆ.

ಸಂಜೆ ಆರರಿಂದ ಎಂಟರವರೆಗೆ ಆಟದ ಮನೆಗೆ ಹೋಗುವುದನ್ನು ಮಾತ್ರ ಯಾರೂ ಬಿಡಲಿಲ್ಲ. ನಲವತ್ತು ಜೋಡಿಯೂ ಆರನೆಯ ಸೇತುವೆಯ ಈಚೆ ದಡದಲ್ಲಿ ಬಂದು ನಿಂತಿತ್ತು. ಅಲ್ಲಿ ಮಾಡಲು ಹೆಚ್ಚೇನೂ ಕೆಲಸವಿರಲಿಲ್ಲ. ಕಡ್ಡಿ ಆಯ್ದು ಬೆಂಕಿ ಹಚ್ಚಬಹುದು, ಗಾಳಿಯಿಂದ ಮೀನು ಕಿತ್ತು ಸುಡಬಹುದು, ಗುಡಿಸಲು ಕಟ್ಟಬಹುದು. ಎಷ್ಟೇ ಜಾಗರೂಕತೆಯಿಂದ ಕಟ್ಟಿದರೂ ಗುಡಿಸಲಿಗೆ ಹಿಂದಿನ ಗೋಡೆ ಬರುತ್ತಿರಲಿಲ್ಲ. ಚಿದಂಬರ ನಮ್ಮ ಗುಡಿಸಲನ್ನು ಬೇವಿನ ಮರದ ಪಕ್ಕ ಕಟ್ಟಿದ. ಆಟದ ಮನೆಯ ಗೋಡೆಯ ಮೇಲೆ ‘ಆಟದ ಮಾತು ಮಾತ್ರ ಆಡಿರಿ’ ಎಂಬ ಫಲಕವಿತ್ತು, ಭುಜಂಗರಾಯರು ಕುರ್ಚಿಗಳ ನಡುವೆ ಓಡಾಡುತ್ತಲೇ ಇರುತ್ತಿದ್ದರು. ಹಾಗಾಗಿ ನಾವು ಆಟದ ಮಾತನ್ನೇ ಆಡಿದೆವು. “ಇವತ್ತು ಮೀನು ಸುಟ್ಟಿದ್ದೀನಿ, ಬರ್ತೀರಾ” ಎಂದು ನಾನು ಕೇಳುತ್ತಿದ್ದೆ. “ಕಟ್ಟಿಗೆ ತಂದು ಬರ್ತೀನಿ, ನೀನು ತಿಂದಿರು” ಎನ್ನುತ್ತಿದ್ದ. “ಒಬ್ಳೇ ತಿನ್ನಲ್ಲ” ಎನ್ನುತ್ತಿದ್ದೆ. ಮನಸ್ಸು ಸರಿಯಿಲ್ಲದ ದಿನ ಬೆಂಕಿ ಹಚ್ಚದೆ ಕೂತಿರುತ್ತಿದ್ದೆ. ಅವನು ಏನನ್ನೂ ಕೇಳದೆ ತಾನೇ ಹಚ್ಚುತ್ತಿದ್ದ. ಒಂದು ಮಳೆಗಾಲದಲ್ಲಿ, ಮಡಕೆ ಒಳಗಿಡಬೇಕೋ ಹೊರಗಿಡಬೇಕೋ ಎಂಬ ವಿಷಯಕ್ಕೆ ನಾವು ಹದಿನಾರು ದಿನ ಮಾತು ಬಿಟ್ಟೆವು. ನಾನು ಚಿದಂಬರನನ್ನು ಪ್ರೀತಿಸಿದ್ದು ಆ ಗುಡಿಸಲಿನಲ್ಲಿ. ಬೀದಿಯಲ್ಲಿ ಎದುರಾದರೆ ಮಾತ್ರ ನಾವಿಬ್ಬರೂ ಅಪರಿಚಿತರ ಹಾಗೆ ತಲೆಯಾಡಿಸಿ ಹೋಗುತ್ತಿದ್ದೆವು.

ಎಂಟನೆಯ ವರ್ಷ ಗೋವರ್ಧನ ಎಂಬುವನು ಒಂದು ಕಿಂಡಿ ಕಂಡುಹಿಡಿದ. ಅವನೂ ಅವನ ವಿಶಾಲೂ ನಮ್ಮ ಪಕ್ಕದ ಗುಡಿಸಲಿನವರು. ದಡದ ಕೊನೆಯಲ್ಲಿ ಒಂದು ದೊಡ್ಡ ಬಂಡೆ ಇತ್ತು. ಇಬ್ಬರೂ ಒಟ್ಟಿಗೆ ಅದಕ್ಕೆ ಬೆನ್ನು ಕೊಟ್ಟು ನಿಂತು, ಕೈಯಲ್ಲಿ ಹುಲ್ಲು ಹಿಡಿದು ಹಸುವನ್ನು ಕರೆಯಬೇಕು. ದೋಣಿಯವನ ಮುಖದ ಆ ಹಸು ಹುಲ್ಲಿನ ಆಸೆಗೆ ಒತ್ತಿಕೊಂಡು ಬಂದು ಬಂದು, ಜಾಗ ಸಾಲದೆ, ಇಬ್ಬರನ್ನೂ ಬಂಡೆಯೊಳಗೆ ತಳ್ಳಿಬಿಡುತ್ತಿತ್ತು. ಕಣ್ಣು ಬಿಟ್ಟರೆ ಆಚೆ ದಡ. ಗೋವರ್ಧನ ಮತ್ತು ವಿಶಾಲು ಅಲ್ಲಿಂದ ನಡೆದುಹೋಗಿ ಏಳನೆಯ ಸೇತುವೆ ದಾಟಿದರು. ಪರದೆಯ ಮೇಲೆ ‘ಅಭಿನಂದನೆ’ ಎಂದು ಬಂತು. ಭುಜಂಗರಾಯರು ಕನ್ನಡಕ ಏರಿಸಿ ನಿಯಮದ ಪುಸ್ತಕವನ್ನು ಎರಡು ಸಲ ಓದಿದರು. ಕೊನೆ ಮುಟ್ಟಿದವರಿಗೆ ಪತ್ರ ಎಂದಿತ್ತೇ ಹೊರತು ಹೇಗೆ ಮುಟ್ಟಬೇಕು ಎಂದು ಇರಲಿಲ್ಲ. ಬೇವು ತಿಂದ ಮುಖ ಮಾಡಿಕೊಂಡು ಮೊಹರು ಒತ್ತಿದರು. ಎಂಟು ವರ್ಷಗಳ ಮೇಲೆ ಊರಿನಲ್ಲಿ ವಾಲಗ ಕೇಳಿಸಿತು.

ಮರುದಿನ ಹಸುವಿಗೆ ಸರದಿ ಹತ್ತಿತು. ದಡದಲ್ಲಿದ್ದದ್ದು ಒಂದೇ ಹಸು; ಒಂದು ಜೋಡಿಯನ್ನು ತಳ್ಳಿದ ಮೇಲೆ ಅದು ಬಂಡೆಯಲ್ಲಿ ಸಿಕ್ಕಿಕೊಂಡು ಮರುದಿನವೇ ಈಚೆ ಬರುತ್ತಿತ್ತು. ಹಾಗಾಗಿ ದಿನಕ್ಕೆ ಒಂದು ಜೋಡಿ. ಚೀಟಿ ಎತ್ತಿದಾಗ ನಮಗೆ ಒಂಬತ್ತನೆಯ ಸರದಿ ಬಂತು. ನಾನು ಬ್ಲೌಸಿಗೆ ಕೊಂಡಿ ಹಾಕಿ ಇಸ್ತ್ರಿ ಮಾಡಿಟ್ಟೆ. ಐದನೆಯ ದಿನ ಸಂಜೆ ಗುಡಿಸಲಿನಲ್ಲಿ ಬೆಂಕಿಯ ಮುಂದೆ ಕೂತಾಗ ಚಿದಂಬರ ಎಂದ, “ಕಂಪನಿಗೆ ಒಂದು ಕಾಗದ ಬರೆದಿದ್ದೀನಿ. ಬಂಡೆ ದಾಟಿ ಹೋದ್ರೆ ಅದು ಸರಿಯಾಗಿ ಮುಗಿಸಿದ ಹಾಗೆ ಆಗುತ್ತಾ ಅಂತ ಕೇಳಿದ್ದೀನಿ.”

ನಾನು ಸುಡುತ್ತಿದ್ದ ಮೀನನ್ನು ಅಲ್ಲೇ ಬಿಟ್ಟೆ. “ಯಾಕೆ ಕೇಳಿದ್ರಿ?”

“ನಾಳೆ ಯಾರೂ ನಮ್ಮ ಕಡೆ ಬೆರಳು ತೋರಿಸಬಾರದಲ್ವಾ. ಹೂಂ ಅಂದ್ರೆ ನಿಶ್ಚಿಂತೆ.”

ಆರನೆಯ ಸೇತುವೆಗೆ ಎಂಟು ವರ್ಷ ಹಲಗೆ ಹಾಕದ ಕಂಪನಿಯವರು ಬಂಡೆಯ ಕಿಂಡಿಯನ್ನು ಎರಡೇ ದಿನದಲ್ಲಿ ಮುಚ್ಚಿದರು. ಏಳು ಜೋಡಿ ಆಚೆ ಹೋಗಿದ್ದವು. ಎಂಟನೆಯವರು ಬೆನ್ನು ಕೊಟ್ಟು ನಿಂತಾಗ ಹಸು ಹುಲ್ಲು ತಿಂದು ಹಿಂದೆ ಹೋಯಿತು. ಅದೇ ತಿದ್ದುಪಡಿಯ ಜತೆ ಎಲ್ಲ ಪರದೆಗಳ ಮೇಲೂ ಒಂದು ಒಕ್ಕಣೆ ಬಂತು: ಈ ದೋಷವನ್ನು ನಮ್ಮ ಗಮನಕ್ಕೆ ತಂದ ಶ್ರೀ ಚಿದಂಬರ ಅವರಿಗೆ ಕೃತಜ್ಞತೆಗಳು. ಬಹುಮಾನವಾಗಿ ಆಟದೊಳಗಿನ ಅವನ ತಲೆಯ ಮೇಲೆ ಒಂದು ಬಂಗಾರದ ಟೋಪಿ ಕೂತಿತು. ಅದನ್ನು ತೆಗೆಯಲು ಬರುತ್ತಿರಲಿಲ್ಲ.

ಊರು ಅವನ ಮೇಲೆ ತಿರುಗಿಬಿತ್ತು. ಉಳಿದ ಮೂವತ್ತೆರಡು ಜೋಡಿಯ ಅಪ್ಪ ಅಮ್ಮಂದಿರು ಕಣ್ಣು ಕಿರಿದು ಮಾಡಿಕೊಂಡು ಪೇಪರು ಓದಿದರೇ ಹೊರತು ಅವನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅಮ್ಮ ಸಂಬಂಧ ಮುರಿಯೋಣ ಎಂದಳು. ನನಗೂ ಅವನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಆ ಟೋಪಿ ಗುಡಿಸಲಿನ ಒಳಗೆ ಬಗ್ಗಿ ಬರುವುದನ್ನು ಕಂಡಾಗಲೆಲ್ಲ ಬೆಂಕಿಯ ಕೊಳ್ಳಿ ಎತ್ತಿ ಎಸೆಯುವಂತಾಗುತ್ತಿತ್ತು. ಕೊನೆಗೆ ಒಂದೂವರೆ ತಿಂಗಳು ನಾನು ಆಟದ ಮನೆಗೆ ಹೋಗಲಿಲ್ಲ. ಅವನು ಹೋಗುತ್ತಿದ್ದ. ವಿಶಾಲು ಒಂದು ದಿನ ಗಂಡನ ಮನೆಯಿಂದ ಬಂದವಳು, “ನಿನ್ನ ಕುರ್ಚಿ ಖಾಲಿ ಇರುತ್ತೆ. ನಿಮ್ಮೋರು ದಿನಾ ಇಬ್ಬರಿಗೆ ಮೀನು ಸುಟ್ಟಿಟ್ಟು ಕೂತಿರ್ತಾರಂತೆ” ಎಂದಳು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಮರುದಿನ ಹೋಗಿ ಕುರ್ಚಿಯಲ್ಲಿ ಕೂತೆ. ಹುಚ್ಚನಾದರೂ ನೇರ ಮನುಷ್ಯ, ನಿಯಮಕ್ಕೆ ಹೆದರಿ ಹಾಗೆ ಮಾಡಿದ ಎಂದು ನನ್ನ ಮನಸ್ಸಿಗೆ ನಾನೇ ಸಮಾಧಾನ ಹೇಳಿಕೊಂಡೆ.

ಒಂಬತ್ತನೆಯ ವರ್ಷ ಮಹಾ ತಿದ್ದುಪಡಿ ಬಂತು. ಈ ಸಲ ಸುಳ್ಳಲ್ಲ, ಆರನೆಯ ಸೇತುವೆ ಪೂರ್ತಿಯಾಗಿರುವ ಚಿತ್ರವನ್ನೇ ಕಳಿಸಿದ್ದರು. ಜತೆಗೆ ಪ್ರತಿ ಜೋಡಿಗೂ ಒಂದು ಒಪ್ಪಿಗೆ ಹಾಳೆ. ಹೊಸ ತಿದ್ದುಪಡಿ ಹಾಕಿಕೊಂಡರೆ ಹಳೆಯದೆಲ್ಲ ಅಳಿಸಿಹೋಗುತ್ತದೆ, ಮೊದಲನೆಯ ಸೇತುವೆಯಿಂದ ಮತ್ತೆ ಆಡಬೇಕು, ಇದಕ್ಕೆ ನಾವಿಬ್ಬರೂ ಒಪ್ಪಿದ್ದೇವೆ ಎಂದು ಇಬ್ಬರ ಸಹಿ. ನಾನು ಓದಿ ಮುಗಿಸುವ ಮೊದಲೇ ಸಹಿ ಹಾಕಿದೆ. ಐದು ಸೇತುವೆಗೆ ಎಂಟು ದಿನ, ಉಳಿದ ಎರಡಕ್ಕೆ ಇನ್ನೊಂದು ನಾಲ್ಕು ದಿನ ಹಿಡಿಯಲಿ. ಹದಿಮೂರನೆಯ ದಿನ ಛತ್ರ. ಮೂವತ್ತೊಂದು ಜೋಡಿ ಸಹಿ ಹಾಕಿ ಹಾಳೆ ಕೊಟ್ಟಿತು. ಚಿದಂಬರ ಪೆನ್ನು ಹಿಡಿದುಕೊಂಡು ಕೂತೇ ಇದ್ದ. ಮೂರು ದಿನ ಹಾಗೆಯೇ ಕಳೆದವು. ಎಲ್ಲರ ಹಾಳೆ ಬರುವವರೆಗೆ ತಿದ್ದುಪಡಿ ಹಾಕುವಂತಿಲ್ಲ ಎಂದು ಭುಜಂಗರಾಯರು ಹೇಳಿಬಿಟ್ಟಿದ್ದರು. ಊರಿನವರ ಕಣ್ಣೆಲ್ಲ ಮತ್ತೆ ನಮ್ಮ ಮೇಲೆ.

ನಾಲ್ಕನೆಯ ದಿನ ಮಧ್ಯಾಹ್ನ ನಾನು ಕತ್ತರಿ ಕೆಳಗಿಟ್ಟು, ಬೀದಿ ದಾಟಿ, ನೇರ ಅವನ ಅಂಗಡಿಯೊಳಗೆ ಹೋದೆ. ಒಂಬತ್ತು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಚಿದಂಬರ ಒಂದು ಕನ್ನಡಕದ ಕಡ್ಡಿಗೆ ತಿರುಪು ಹಾಕುತ್ತಿದ್ದ. ಒಪ್ಪಿಗೆ ಹಾಳೆ ಗಾಜಿನ ಕಪಾಟಿನ ಮೇಲೆ ಇತ್ತು.

“ಯಾಕೆ ಸಹಿ ಹಾಕ್ತಿಲ್ಲ?” ಎಂದೆ.

“ಗುಡಿಸಲು ಹೋಗುತ್ತಲ್ಲ” ಎಂದ.

“ಹೋದ್ರೆ ಹೋಗ್ಲಿ. ಮದುವೆ ಆಗುತ್ತಲ್ಲ.”

ಅವನು ತಿರುಪನ್ನು ಬಿಗಿ ಮಾಡುತ್ತಲೇ ಇದ್ದ. ಅದು ಆಗಲೇ ಬಿಗಿಯಾಗಿತ್ತು. ಆಗ ನನಗೆ ಎಂದೂ ಹೊಳೆಯದಿದ್ದ ಒಂದು ವಿಷಯ ಹೊಳೆಯಿತು. “ಹೋದ ವರ್ಷ ಕಂಪನಿಗೆ ಕಾಗದ ಬರೆದ್ರಲ್ಲ, ಅದು ನಿಯಮಕ್ಕೋಸ್ಕರ ಬರೆದದ್ದಾ?” ಎಂದು ಕೇಳಿದೆ.

ಸುಳ್ಳು ಹೇಳಲು ಬರದವನಿಗೆ ಅವತ್ತೂ ಬರಲಿಲ್ಲ. “ಅವರು ಬೇಡ ಅಂದ್ರೆ ಸಾಕು ಅಂತಿತ್ತು ನನಗೆ” ಎಂದ. ಕುತ್ತಿಗೆ ಬಗ್ಗಿಸಿಕೊಂಡೇ ಹೇಳಿದ. “ಮೇಲೆ ಬಂದು ನೋಡು ಕಾತ್ಯಾಯಿನಿ. ಅಂಗಡಿ ಮೇಲೆ ಇರೋದು ಒಂದೂವರೆ ಕೋಣೆ. ಅಮ್ಮ ಕೆಮ್ಮುತ್ತಾ ಮಲಗಿರ್ತಾಳೆ. ಅಣ್ಣ ಪಾತ್ರೆ ಎತ್ತಿ ಎಸೀತಾನೆ. ನಾನೂ ಅಲ್ಲಿ ಸಿಡುಕ್ತೀನಿ, ನೀನು ನೋಡಿಲ್ಲ. ನಿನಗೆ ಕಾಲು ಚಾಚೋಕೆ ಜಾಗ ಇಲ್ಲ. ಆ ಗುಡಿಸಲಲ್ಲಿ ನಾನು ಒಳ್ಳೆಯವನಾಗಿದ್ದೆ. ಅಲ್ಲೇ ಎಲ್ಲ ಚೆನ್ನಾಗಿತ್ತು. ಸ್ವಲ್ಪ ದಿನ ತಡಿ. ಇದನ್ನೆಲ್ಲ ಸರಿಮಾಡಿ ಆಮೇಲೆ…”

ನನಗೆ ನಗು ಬಂತು. ಒಳ್ಳೆಯ ನಗುವಲ್ಲ. ಒಂಬತ್ತು ವರ್ಷದಿಂದ ನಾನು ಬೈಯುತ್ತಿದ್ದ ಕಂಪನಿಯ ಮಾತೇ ಅವನ ಬಾಯಿಂದ ಬರುತ್ತಿತ್ತು, ತಾಳ್ಮೆಗೆ ಧನ್ಯವಾದ ಹೇಳುವುದೊಂದು ಬಾಕಿ. ಮುಖಕ್ಕೆ ಹೊಡೆದು ಹೊರಟುಬಿಡಬೇಕು ಎನ್ನಿಸಿತು. ಆದರೆ ಅವನು ಅದೇ ತಿರುಪನ್ನು ಬಿಚ್ಚಿ ಮತ್ತೆ ಹಾಕತೊಡಗಿದ್ದ.

“ಚಿದಂಬರ” ಎಂದೆ. ಅವನನ್ನು ಹಾಗೆ ಹೆಸರು ಹಿಡಿದು ಕರೆದದ್ದೂ ಅದೇ ಮೊದಲು. “ಆ ಗುಡಿಸಲಿಗೂ ಹಿಂದಿನ ಗೋಡೆ ಇರಲಿಲ್ಲ. ಒಂಬತ್ತು ವರ್ಷ ಇದ್ದೆನಲ್ಲ. ಒಂದು ದಿನ ನಿಮ್ಮ ಹತ್ರ ಗೋಡೆ ಕೇಳಿದ್ನಾ?”

ಅವನು ತಿರುಪುಳಿಯನ್ನು ಡಬ್ಬಿಗೆ ಹಾಕಿದ. ಆಮೇಲೆ ಕನ್ನಡಕ ಕೆಳಗಿಟ್ಟು ಹಾಳೆಯನ್ನು ಎಳೆದುಕೊಂಡ. ತುದಿಯಿಂದ ತುದಿಗೆ ಪೂರ್ತಿ ಓದಿ, ದಿನಾಂಕ ಬರೆದು, ಸಹಿ ಹಾಕಿದ. ಇಬ್ಬರೂ ಒಟ್ಟಿಗೆ ಬೀದಿಯಲ್ಲಿ ನಡೆದುಹೋಗಿ ಅದನ್ನು ಭುಜಂಗರಾಯರ ಕೈಗೆ ಕೊಟ್ಟೆವು. ಜನ ಅಂಗಡಿಗಳಿಂದ ಹೊರಗೆ ಬಂದು ನೋಡಿದರು.

ಮರುದಿನ ಬೆಳಿಗ್ಗೆ ಮೂವತ್ತೆರಡು ಜೋಡಿ ತಲೆಗೆ ಹೂ ಮುಡಿದು, ಶರಟಿಗೆ ಇಸ್ತ್ರಿ ಹಾಕಿ ಬಂದು ಕೂತೆವು. ಭುಜಂಗರಾಯರು ತಿದ್ದುಪಡಿ ಹಾಕಿದರು. ನಮ್ಮ ಪರದೆಯಲ್ಲಿ ಮೊದಲು ಬೇವಿನ ಮರ ಹೋಯಿತು, ಆಮೇಲೆ ಮಡಕೆ, ಆಮೇಲೆ ಗುಡಿಸಲು. ಕೊನೆಗೆ ಬೆಂಕಿ ಒಂದಿಷ್ಟು ಹೊತ್ತು ಬರಿಯ ಬೂದು ಬಣ್ಣದ ಮೇಲೆ ಉರಿದು ಅದೂ ಆರಿತು. ಮದುವೆ ಬೇಕೆಂದು ಕುಣಿದವಳು ನಾನೇ, ಆದರೂ ದುಃಖ ತಡೆಯಲಾಗಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡೆ. ಕಣ್ಣು ಒರೆಸಿಕೊಂಡು ನೋಡುವಷ್ಟರಲ್ಲಿ ಹೊಸ ಆಟ ತೆರೆದಿತ್ತು. ಕುದುರೆಯ ಕಾಲು ನೆಲದ ಮೇಲಿತ್ತು, ಮೀನು ನೀರಿನಲ್ಲಿತ್ತು. ದೂರದಲ್ಲಿ, ಬೆಟ್ಟದ ಆಚೆ, ಆರನೆಯ ಸೇತುವೆ ಈ ದಡದಿಂದ ಆ ದಡದವರೆಗೆ ಪೂರ್ತಿಯಾಗಿ ಕಾಣುತ್ತಿತ್ತು. ಮೊದಲನೆಯ ಸೇತುವೆ ಇರಲಿಲ್ಲ. ಅರ್ಧವೂ ಇರಲಿಲ್ಲ. ಅದು ಇದ್ದ ಜಾಗದಲ್ಲಿ ನದಿ ಮಾತ್ರ ಬಲು ಚೆಂದವಾಗಿ ಹರಿಯುತ್ತಿತ್ತು, ಅದರಲ್ಲಿ ಮೋಡ ಕಾಣುತ್ತಿತ್ತು.

ಆಟದ ಮನೆಯಲ್ಲಿ ಯಾರೂ ಬೈಯಲಿಲ್ಲ, ಬೈಯುವುದಕ್ಕೂ ಆಸೆ ಉಳಿದಿರಬೇಕು. ಭುಜಂಗರಾಯರು ಗಂಟಲು ಸರಿಮಾಡಿಕೊಂಡು, “ದೂರು ಬರೆಯೋಣ. ಶೀಘ್ರದಲ್ಲೇ…” ಎಂದು ಶುರುಮಾಡಿದರು.

ಚಿದಂಬರ ಎದ್ದು ನಿಂತ. ರಸ್ತೆಯ ಎಡಗಡೆ ನಡೆಯುವ ಮನುಷ್ಯ ಎಲ್ಲರ ಎದುರಿಗೆ ನನ್ನ ಕೈ ಹಿಡಿದುಕೊಂಡ.  “ನಾವು ಹೊರಡ್ತೀವಿ ಸಾರ್. ಈ ಶುಕ್ರವಾರ ನಮ್ಮ ಮದುವೆ” ಎಂದ.

“ಮದುವೆಯಾ? ಆಟ ಮುಗಿಸದೆ ಮದುವೆ ಹೇಗೆ ಆಗುತ್ತೆ?” ಎಂದರು ಭುಜಂಗರಾಯರು.

“ಅವರು ಮುಗಿಸದೆ ಬಿಡುಗಡೆ ಮಾಡಿದ್ರಲ್ಲ ಸಾರ್, ನಾವೂ ಹಾಗೇ. ಎಲ್ಲೆಲ್ಲಿ ಕೆಟ್ಟಿದೆಯೋ ಆಮೇಲೆ ನೋಡಿಕೊಂಡು ತಿದ್ದುಪಡಿ ಮಾಡ್ಕೋತೀವಿ.”

“ನಾನು ಕಂಪನಿಗೆ ದೂರು ಕೊಡಬೇಕಾಗುತ್ತೆ.”

“ಕೊಡಿ ಸಾರ್” ಎಂದೆ ನಾನು. “ಉತ್ತರ ಬರೋಷ್ಟರಲ್ಲಿ ನಮಗೆ ಮೊಮ್ಮಕ್ಕಳಾಗಿರ್ತಾರೆ.” ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಒಂದೊಂದಾಗಿ ಕುರ್ಚಿಗಳು ಹಿಂದೆ ಸರಿಯುವ ಸದ್ದು ಕೇಳಿಸಿತು.

ಛತ್ರದವರು ಬೀಗ ತೆಗೆಯಲಿಲ್ಲ. ಛತ್ರದ ಜಗಲಿಗೆ ಬೀಗವಿರಲಿಲ್ಲ, ಅಲ್ಲಿಯೇ ಮದುವೆಯಾದೆವು. ಪುರೋಹಿತರು ಲುಂಗಿಯಲ್ಲಿ ಬಂದು, ತಾವು ಪುರೋಹಿತರಾಗಿ ಬಂದದ್ದಲ್ಲ, ಪಕ್ಕದ ಬೀದಿಯವರಾಗಿ ಬಂದದ್ದು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಮಂತ್ರವನ್ನು ಮಾತ್ರ ಬಾಯೊಳಗೇ ಹೇಳಿ ಮುಗಿಸಿದರು. ಅಮ್ಮ ಮುನಿಸಿಕೊಂಡು ಬಂದಳು, ಊಟ ಬಡಿಸುವ ಹೊತ್ತಿಗೆ ಮುನಿಸು ಮರೆತಳು. ಭುಜಂಗರಾಯರು ದೂರು ಕಳಿಸಿಯೇ ಇದ್ದರು. ಎರಡು ದಿನ ನನಗೆ ಒಳಗೊಳಗೇ ಪುಕುಪುಕು, ಆ ಕಂಪನಿಯವರು ಕಿಂಡಿ ಮುಚ್ಚುವುದರಲ್ಲಿ ಮಾತ್ರ ಚುರುಕು ಎಂದು ಗೊತ್ತಿತ್ತಲ್ಲ. ಮೂರನೆಯ ದಿನವೂ ಏನೂ ಆಗಲಿಲ್ಲ.

ಅಂಗಡಿಯ ಮೇಲಿನ ಒಂದೂವರೆ ಕೋಣೆ ಅವನು ಹೇಳಿದ್ದಕ್ಕಿಂತ ಚಿಕ್ಕದು. ಅತ್ತೆಯ ಕೆಮ್ಮು ಅವನು ಹೇಳಿದ್ದಕ್ಕಿಂತ ದೊಡ್ಡದು. ಭಾವ ನನ್ನನ್ನು ನೋಡಿ ಎರಡು ದಿನ ಪಾತ್ರೆ ಎಸೆಯಲಿಲ್ಲ, ಮೂರನೆಯ ದಿನ ಎಸೆದರು. ಚಿದಂಬರ ಸಿಡುಕುವುದೂ ನಿಜ. ನಾನೂ ಸಿಡುಕಿದೆ, ಅದನ್ನು ಅವನೂ ನೋಡಿರಲಿಲ್ಲ. ನಾಲ್ಕನೆಯ ದಿನ ನನ್ನ ಅಡುಗೆಯ ಡಬ್ಬಗಳನ್ನು ಇಡಲು ಜಾಗವಿಲ್ಲವೆಂದು ಅವನು ಗೋಡೆಗೆ ಹಲಗೆ ಹೊಡೆಯಲು ಕೂತ. ಕನ್ನಡಕದ ತಿರುಪು ಹಾಕುವ ಕೈಗೆ ಸುತ್ತಿಗೆ ಒಗ್ಗಲಿಲ್ಲ. ಬೆರಳು ಜಜ್ಜಿಕೊಂಡು, ಗೋಡೆಯ ಗಾರೆ ಉದುರಿಸಿ, ಮಧ್ಯಾಹ್ನವೆಲ್ಲ ಒದ್ದಾಡಿದ. ಕೊನೆಗೆ ನೋಡಿದರೆ ಹಲಗೆ ಒಂದು ಕಡೆ ಎರಡು ಬೆರಳು ಇಳಿದುಕೊಂಡು ಓರೆಯಾಗಿ ಕೂತಿತ್ತು. ಅವನು ನನ್ನ ಮುಖ ನೋಡದೆ, “ಸದ್ಯಕ್ಕೆ ಇರ್ಲಿ, ಆಮೇಲೆ ಸರಿಮಾಡ್ತೀನಿ” ಎಂದ.

ನಾನು ಹಲಗೆಯ ಮೇಲೆ ಉಪ್ಪಿನ ಡಬ್ಬ ಇಟ್ಟೆ, ಮೆಣಸಿನಪುಡಿಯದು ಇಟ್ಟೆ, ಬೇಳೆಯದು ಇಟ್ಟು ಕೈ ತೆಗೆದೆ. ಇಬ್ಬರೂ ಉಸಿರು ಹಿಡಿದು ನೋಡಿದೆವು. ಬೀಳಲಿಲ್ಲ.